ಮಿದುಳಿನ ಅಲೆಗಳಿಂದ ಚಿತ್ರ: ಇಇಜಿ ಹೆಡ್‌ಬ್ಯಾಂಡ್ ಜೊತೆ ಮೂರು ವರ್ಷ

ಹಣೆಯ ಮೇಲೆ ಎರಡು, ಕಿವಿಗಳ ಹಿಂದೆ ಒಂದೊಂದು, ಹೀಗೆ ಚರ್ಮಕ್ಕೆ ತಾಗಿ ಸಿಗ್ನಲ್ ಹಿಡಿಯುವ ನಾಲ್ಕು ಎಲೆಕ್ಟ್ರೋಡ್ ಇರುವ, ಇಇಜಿ ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಹೆಡ್‌ಬ್ಯಾಂಡ್ ನನ್ನದು. ಬ್ಲೂಟೂತ್‌ನಲ್ಲಿ ಬರುವ ಸಿಗ್ನಲ್ಲನ್ನು ಪ್ರೊಸೆಸಿಂಗ್ ಎಂಬ ಉಚಿತ ತಂತ್ರಾಂಶಕ್ಕೆ ಕಳಿಸುತ್ತೇನೆ. ಆರಾಮಾಗಿದ್ದಾಗ ಹೆಚ್ಚುವ ಆಲ್ಫಾ ಅಲೆ ಏರಿದರೆ ಪರದೆಯಲ್ಲಿ ನೀಲಿ ಬಳೆಗಳು ಹರಡಬೇಕು, ಏಕಾಗ್ರತೆಯ ಗುರುತು ಅಂದುಕೊಂಡಿದ್ದ, ಇನ್ನೂ ವೇಗದ ಬೀಟಾ ಅಲೆ ಏರಿದರೆ ಕೆಂಪು ಗೆರೆಗಳು ಓಡಬೇಕು ಅಂತ ಕೋಡ್ ಬರೆದುಕೊಂಡೆ.

ಮೊದಲ ಆರು ತಿಂಗಳು ಮೂಡಿದ್ದೆಲ್ಲ ಹೆಚ್ಚುಕಡಿಮೆ ಹುಬ್ಬು, ದವಡೆಗಳ ಚಿತ್ರ. ತಲೆಬುರುಡೆ ದಾಟಿ ಬರುವ ಅಲೆ ಹತ್ತಾರು ಮೈಕ್ರೋವೋಲ್ಟ್ ಮಾತ್ರ. ಒಮ್ಮೆ ಕಣ್ಣು ಮಿಟುಕಿಸಿದರೂ ಅದನ್ನು ಮುಳುಗಿಸುವಷ್ಟು ದೊಡ್ಡ ಏರಿಳಿತ ಬರುತ್ತದೆ, ಹಲ್ಲು ಕಚ್ಚಿದರೆ ಪರದೆಯೆಲ್ಲ ಕೆಂಪು. ಏಕಾಗ್ರತೆ ಅಂದುಕೊಂಡಿದ್ದು ಸ್ನಾಯುಗಳ ಬಿಗಿ ಅಂತ ತಿಳಿದಾಗ ತುಂಬಾ ಬೇಸರವಾಯಿತು. ಕೆಂಪು ಗೆರೆಗಳನ್ನು ಕೋಡಿನಿಂದಲೇ ತೆಗೆದುಹಾಕಿದೆ.

ಉಳಿದದ್ದು ಆಲ್ಫಾ. ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ, ಕಣ್ಣು ಮುಚ್ಚಿದರೆ ಜೋರಾಗುವ ಅಲೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮನುಷ್ಯರ ಮೊದಲ ಇಇಜಿ ವರದಿಯಲ್ಲೇ ಇದರ ಮಾತಿದೆ. ಇದು ತಲೆಯ ಹಿಂಭಾಗದಲ್ಲಿ ಪ್ರಬಲ, ಹಾಗಾಗಿ ಈಗ ಕಿವಿ ಹಿಂದಿನ ಎರಡು ಎಲೆಕ್ಟ್ರೋಡ್‌ಗಳನ್ನಷ್ಟೇ ಬಳಸುತ್ತೇನೆ.

ಒಂದು ಸಂಜೆ ಅಮ್ಮನಿಗೆ ಹಾಕಿ ಕೂರಿಸಿದೆ. ಕಣ್ಣು ಮುಚ್ಚಿ ನಾಲ್ಕೈದು ಉಸಿರು ಎಳೆಯುವಷ್ಟರಲ್ಲಿ ಬಳೆಯ ಹೊರಗೊಂದು ಬಳೆ, ನೀರಿಗೆ ಕಲ್ಲು ಬಿದ್ದ ಹಾಗೆ, ಪರದೆಯ ಅಂಚಿನವರೆಗೂ ಹೋದವು. "ಏನು ಬಂತೋ?" ಅಂತ ಕಣ್ಣು ಬಿಟ್ಟಳು. ಬಿಟ್ಟಿದ್ದೇ ತಡ, ಎಲ್ಲ ಕುಗ್ಗಿ ಚುಕ್ಕಿಯಾಯಿತು. ಅಮೆರಿಕದ ಸಂಗೀತ ಸಂಯೋಜಕ ಆಲ್ವಿನ್ ಲೂಸಿಯರ್ 1965ರಲ್ಲಿ ಇದೇ ಆಲ್ಫಾದಿಂದ ತಾಳವಾದ್ಯಗಳನ್ನು ನುಡಿಸಿದರು. ಕಣ್ಣು ಮುಚ್ಚಿದ್ದರೂ ಅವರಿಗೆ ಕೇಳುತ್ತಿತ್ತು. ಚಿತ್ರಕ್ಕೆ ಆ ಅನುಕೂಲ ಇಲ್ಲ, ಬಿಡಿಸುವವರಿಗೇ ಅದು ಕಾಣುವುದಿಲ್ಲ. ಅದಕ್ಕೇ ಪ್ರತಿ ಸಲವೂ ಪರದೆಯನ್ನು ರೆಕಾರ್ಡ್ ಮಾಡುತ್ತೇನೆ. ಅಮ್ಮ ತನ್ನದನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು.

ಚಳಿಗಾಲದಲ್ಲಿ ಚರ್ಮ ಒಣಗಿ ಸಿಗ್ನಲ್ ಬಿಟ್ಟುಹೋಗುತ್ತದೆ, ಕಿವಿಯ ಹಿಂದೆ ನೀರು ಸವರಿದರೆ ಸರಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ, ಇಲ್ಲದಿದ್ದರೆ ಮನೆಯ ಕರೆಂಟಿನ 50 ಹರ್ಟ್ಸ್ ನುಸುಳುತ್ತದೆ. ನನ್ನ ದೊಡ್ಡ ದೂರು ಬ್ಯಾಟರಿಯದ್ದು: ನಾಲ್ಕು ಗಂಟೆ ಬರುತ್ತಿದ್ದದ್ದು ಈಗ ಒಂದೂವರೆಗೇ ಸುಸ್ತು, ಬಿಚ್ಚಿ ಬದಲಿಸುವ ದಾರಿಯೂ ಇಲ್ಲ. ಕೊಳ್ಳುವ ಮುಂಚೆ ಕಚ್ಚಾ ಸಿಗ್ನಲ್ ಹೊರಗೆ ಸಿಗುತ್ತದೆಯೇ ಅಂತ ಕೇಳಿ. ಬರೀ ಧ್ಯಾನದ ಅಂಕ ತೋರಿಸುವ ಮಾಡೆಲ್ ಚಿತ್ರದ ಕೆಲಸಕ್ಕೆ ಬರುವುದಿಲ್ಲ.