ಬಿದರಿ ಗ್ರಿಪ್ ಎಂದು ಮುಂಗಡ ಕೇಳಿದರೆ ಒಂದು ರೂಪಾಯಿ ಕೊಡಬೇಡಿ

ಬೀದರ್, ಕಲಬುರಗಿ ಕಡೆ ಲೈಸೆನ್ಸ್ ರಿವಾಲ್ವರ್ ಇರುವವರೆಲ್ಲ ದಯವಿಟ್ಟು ಓದಿ. ರಿವಾಲ್ವರ್‌ಗೆ ಬೀಟೆ ಮರದ ಹಿಡಿ (ಗ್ರಿಪ್), ಅದರ ಮೇಲೆ ಬಿದರಿ ಕುಸುರಿ, ನಿಮ್ಮ ಕೈ ಅಳತೆಗೇ ಮಾಡಿಕೊಡುತ್ತೇನೆ ಎಂದು ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕಳಿಸುವವನೊಬ್ಬನಿದ್ದಾನೆ. ಹೆಸರು ಬರೆಯುವುದಿಲ್ಲ; ಹೆಸರು ಬದಲಿಸಲು ಅವನಿಗೆ ಎಷ್ಟು ಹೊತ್ತು ಬೇಕು? ಅವನ ಮಾತುಗಳನ್ನು ಬರೆಯುತ್ತೇನೆ, ಗುರುತಿಟ್ಟುಕೊಳ್ಳಿ.

ನನ್ನದು ಅಡತಿ ವ್ಯಾಪಾರ. ತೊಗರಿ ಸುಗ್ಗಿಯಲ್ಲಿ ರಾತ್ರಿ ಹಣದ ಚೀಲ ಹಿಡಿದು ಹುಮನಾಬಾದ್ ರಸ್ತೆಯಲ್ಲಿ ಬರಬೇಕಾಗುತ್ತದೆ, ಅದಕ್ಕೇ ಲೈಸೆನ್ಸ್. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ಆರು ಗುಂಡಿನದು, ನಳಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಹಳೆಯ ಬ್ರಿಟಿಷ್ ವೆಬ್ಲಿ ನಮೂನೆ. ಅದರ ಹಿಡಿ ನನ್ನ ಅಂಗೈಗೆ ಸಣ್ಣದು, ಬೇಸಿಗೆಯಲ್ಲಿ ಬೆವರಿದರೆ ಜಾರುತ್ತದೆ. ರಬ್ಬರ್ ಗ್ರಿಪ್ ಹಾಕಿದರೆ ಹಿಡಿತವೇನೋ ಬಿಗಿ, ಆದರೆ ಅಂಗಿಯ ಬಟ್ಟೆ ಅದಕ್ಕೆ ಸಿಕ್ಕಿ ಮೇಲೇರಿ, ಸೊಂಟದಲ್ಲಿ ಇರುವುದು ಊರಿಗೆಲ್ಲ ಕಾಣುತ್ತದೆ. ದಿನವೂ ಒಯ್ಯುವವನಿಗೆ ನುಣುಪಾದ ಮರವೇ ಸರಿ, ತಳ ಉದ್ದವಾಗಿರಬಾರದು. ಇದನ್ನೆಲ್ಲ ನಾನು ಬಾಯಿಬಿಡುವ ಮೊದಲೇ ಅವನೇ ಹೇಳಿದ. ತಿಳಿದವನ ಮಾತು, ತಿಳಿದವನ ಧಾಟಿ. "ಬಿದರಿಗೆ 2006ರಲ್ಲೇ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ ಸಾಹೇಬರೇ, ನಕಲಿ ಮಾಡಲು ಬರುವುದೇ ಇಲ್ಲ" ಎಂದ. ಅರ್ಧ ಹಣ ಮುಂಗಡ ಪಡೆದ. ಆಮೇಲೆ ಬೆಳ್ಳಿ ದರ ಏರಿತೆಂದು ಇನ್ನಷ್ಟು ಪಡೆದ.

ಪೊಟ್ಟಣ ಬಂತು. ಕೂರಿಸಿ ತಿರುಪು ಬಿಗಿದರೆ ಚೌಕಟ್ಟಿಗೂ ಹಿಡಿಗೂ ನಡುವೆ ಉಗುರು ಹೋಗುವಷ್ಟು ಸಂದು. ಇನ್ನೊಂದು ಸುತ್ತು ಬಿಗಿಯುವಷ್ಟರಲ್ಲಿ ಹಿಡಿಯ ಎಡಗಡೆಯ ಮರದ ಪಟ್ಟಿ ಚಟ್ ಎಂದಿತು. ಬಿರುಕಿನೊಳಗೆ ಮರ ಬಿಳಿ ಬಿಳಿ; ಬೀಟೆಯ ಬಣ್ಣ ಮೇಲಷ್ಟೇ.

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಬಿದರಿ? ನಾನು ಬೀದರ್‌ನವನು. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆ ಕಪ್ಪು ಕೈಗೆ ಹತ್ತುವುದಿಲ್ಲ. ನನಗೆ ಬಂದದ್ದು ಮೊದಲ ಬೆವರಿಗೇ ಅಂಗೈಗೆ ಹತ್ತಿತು, ಬಿಳಿ ಅಂಗಿಗೆ ಹತ್ತಿತು. ಹೂಬಳ್ಳಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಇಡೀ ಬಳ್ಳಿ ಎದ್ದು ಬಂದು ಬೆರಳಿಗೆ ಅಂಟಿಕೊಂಡಿತು. ಸ್ಟಿಕರ್! ಬೀದರ್‌ನವನಿಗೆ ಬಿದರಿ ಎಂದು ಸ್ಟಿಕರ್ ಮಾರಿದ್ದಾನೆ! ಮಗ ಪಕ್ಕದಲ್ಲೇ ನಿಂತಿದ್ದ. ನಗು ತಡೆಯಲು ಅವನು ಪಟ್ಟ ಕಷ್ಟ ನೋಡಿ ಮೈಯೆಲ್ಲ ಉರಿಯಿತು.

ಫೋನ್ ಮಾಡಿದೆ. "ಬಿದರಿ ವಿನ್ಯಾಸ ಎಂದಿದ್ದೆ ಸಾಹೇಬರೇ, ಬಿದರಿ ಎಂದಿರಲಿಲ್ಲ." ಸಂದು ಯಾಕೆ ಎಂದರೆ, "ನಿಮ್ಮ ರಿವಾಲ್ವರೇ ಸ್ವಲ್ಪ ಓರೆ ಇರಬೇಕು." ಸರ್ಕಾರಿ ಕಾರ್ಖಾನೆಯದು ಓರೆಯಂತೆ, ಇವನ ಸ್ಟಿಕರ್ ನೆಟ್ಟಗಂತೆ! ಮುಂದಿನದು ಕೇಳಿ: "ರಿವಾಲ್ವರನ್ನೇ ಕೊರಿಯರ್ ಮಾಡಿ ಕಾಕಾ, ನಾನೇ ಕೂರಿಸುತ್ತೇನೆ, ಟ್ರಿಗರ್ ಕೂಡ ಹಗುರ ಮಾಡಿಕೊಡುತ್ತೇನೆ." ಸಾಹೇಬ ಹೋಗಿ ಕಾಕಾ ಆಗಿದ್ದೆ. ನಿನ್ನ ಬಳಿ ರಿಪೇರಿ ಲೈಸೆನ್ಸ್ ಇದೆಯೇ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿ ಅಂಗಡಿಗೂ ಲೈಸೆನ್ಸ್ ಬೇಕು. ಅದಿಲ್ಲದವನ ಕೈಗೆ ಆಯುಧ ಕಳಿಸಿದರೆ ಜೈಲಿನ ದಾರಿ ನನಗೇ.

ಹಣ ವಾಪಸ್ ಕೇಳಿದಾಗ ಕೊನೆಯ ಉತ್ತರ: "ಆಯುಧದ ವಿಷಯ ಕಾಕಾ, ಠಾಣೆಗೆ ಹೋದರೆ ಮೊದಲು ನಿಮ್ಮನ್ನೇ ಕೂರಿಸುತ್ತಾರೆ." ಅವನ ಬಂಡವಾಳವೇ ಇದು. ಲೈಸೆನ್ಸ್ ಇರುವವನು ತುಟಿಬಿಚ್ಚುವುದಿಲ್ಲ ಎಂಬ ಧೈರ್ಯ. ಆಮೇಲೆ ನನ್ನ ನಂಬರ್ ಬ್ಲಾಕ್.

ಗ್ರಿಪ್ ಬೇಕಾದರೆ ಲೈಸೆನ್ಸ್ ಇರುವ ಗನ್ ಹೌಸ್‌ಗೆ ರಿವಾಲ್ವರ್ ನೀವೇ ಒಯ್ದು, ಎದುರಿಗೇ ಕೂರಿಸಿ ನೋಡಿ, ಬಿಲ್ ಪಡೆದು ಹಣ ಕೊಡಿ. ಬಿದರಿ ಬೇಕಾದರೆ ಕುಶಲಕರ್ಮಿಗಳು ಇದೇ ಊರಿನಲ್ಲಿದ್ದಾರೆ, ಹೂದಾನಿಯನ್ನೋ ತಟ್ಟೆಯನ್ನೋ ಕೊಳ್ಳಿ. ಟ್ರಿಗರ್ ಹಗುರ ಮಾಡುತ್ತೇನೆ ಎನ್ನುವವನ ಫೋನ್ ಅಲ್ಲಿಗೇ ಇಟ್ಟುಬಿಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಒಡೆದ ಪಟ್ಟಿ, ಸ್ಟಿಕರ್, ಹಣ ಹಾಕಿದ ರಸೀದಿ, ಅವನ ಸಂದೇಶಗಳು ಎಲ್ಲ ಜೋಪಾನವಾಗಿವೆ. "ವಿನ್ಯಾಸ ಎಂದಿದ್ದೆ" ಎಂಬ ಇದೇ ಮಾತನ್ನು ಕೇಳಿಸಿಕೊಂಡವರು ಇನ್ನೂ ಇದ್ದರೆ ನಾಚಿಕೆ ಬಿಟ್ಟು ನನಗೆ ತಿಳಿಸಿ, ಗ್ರಾಹಕರ ಆಯೋಗಕ್ಕೆ ಒಟ್ಟಿಗೇ ಹೋಗೋಣ.