ಲೂಯಿ-ಲ-ಗ್ರಾಂ, ಆಂರಿ-ಕಾತ್ರ್, ಇಲ್ಲಾ ಮನೆ ಹತ್ತಿರದ ಲಿಸೆ?

ಮಗಳಿಗೆ ಪ್ಯಾರಿಸ್‌ನಲ್ಲಿ ಯಾವ ಲಿಸೆ (ಹತ್ತನೇ ತರಗತಿಯಿಂದ ಹನ್ನೆರಡರವರೆಗಿನ ಫ್ರೆಂಚ್ ಶಾಲೆ) ಅಂತ ಕೇಳಿದ್ದೀರಿ. ಖರ್ಚಿನ ಚಿಂತೆ ಬೇಡ. ಸರ್ಕಾರಿ ಲಿಸೆಗಳಲ್ಲಿ ಫೀಸ್ ಇಲ್ಲ, ಊಟದ ದುಡ್ಡು ಆದಾಯ ನೋಡಿ.

ಹೆಸರಿನಲ್ಲಿ ಮೊದಲೆರಡೂ ದೊಡ್ಡವು. ಲೂಯಿ-ಲ-ಗ್ರಾಂ 1563ರಲ್ಲಿ ಜೆಸ್ಯೂಟರು ಶುರು ಮಾಡಿದ್ದು. ಗಣಿತಜ್ಞ ಗಾಲ್ವಾ ಓದಿದ್ದು ಇಲ್ಲೇ; ಈಗಲೂ ಗಣಿತಕ್ಕೆ ಹೆಸರುವಾಸಿ. ಪಾಂತೆಯೋಂ ಸ್ಮಾರಕದ ಪಕ್ಕದ ಹಳೇ ಮಠದಲ್ಲಿರುವ ಆಂರಿ-ಕಾತ್ರ್‌ನಲ್ಲಿ ತತ್ವಶಾಸ್ತ್ರದ ಸಿಮೋನ್ ವೇಯ್ ಓದಿದರು. ಲೇಖಕ ಸಾರ್ತ್ರ್ ಮಾತ್ರ ಎರಡನ್ನೂ ಬಿಡಲಿಲ್ಲ, ಎರಡರಲ್ಲೂ ಓದಿದರು!

ಮುಂಚೆ ಈ ಎರಡೂ ತಾವೇ ಮಕ್ಕಳನ್ನು ಆರಿಸುತ್ತಿದ್ದವು. 2022ರಿಂದ ಇವಕ್ಕೂ ಅಫೆಲ್‌ನೆಟ್ (ಸರ್ಕಾರಿ ಲಿಸೆಗಳಿಗೆ ಸೀಟು ಹಂಚುವ ಆನ್‌ಲೈನ್ ವ್ಯವಸ್ಥೆ) ಮೂಲಕವೇ ಸೀಟು.

ಬಾಕ್ (ಲಿಸೆಯ ಕೊನೆಯ ಪರೀಕ್ಷೆ) ಫಲಿತಾಂಶ ನೋಡಿ ಸುಮ್ನೆ ಮರುಳಾಗಬೇಡಿ. ಜಾಣರನ್ನೇ ಸೇರಿಸಿಕೊಂಡರೆ ಪಾಸಾಗದೆ ಇರ್ತಾರಾ? ಶಿಕ್ಷಣ ಇಲಾಖೆ ಪ್ರತಿವರ್ಷ 'ಶಾಲೆ ಕೂಡಿಸಿದ ಮೌಲ್ಯ' (ಸೇರಿದ ಮಕ್ಕಳನ್ನು ನೋಡಿ ನಿರೀಕ್ಷಿಸಿದ್ದಕ್ಕಿಂತ ಫಲಿತಾಂಶ ಎಷ್ಟು ಮೇಲು) ಅಂತಲೂ ಲೆಕ್ಕ ಕೊಡುತ್ತದೆ; ಅಲ್ಲಿ ಎಷ್ಟೋ ಸಾಧಾರಣ ಲಿಸೆಗಳು ಮೇಲಿರುತ್ತವೆ. ಇನ್ನೊಂದು, ಮನೆ ಹತ್ತಿರ 20ಕ್ಕೆ 16 ತೆಗೆಯುವ ಹುಡುಗಿಗೆ ಈ ದೊಡ್ಡ ಲಿಸೆಗಳಲ್ಲಿ 11 ಬಂದರೂ ಆಶ್ಚರ್ಯವಿಲ್ಲ. ಪಾರ್ಕೂರ್‌ಸುಪ್‌ಗೆ (ಲಿಸೆ ನಂತರದ ಓದಿಗೆ ಅರ್ಜಿ ಹಾಕುವ ಸರ್ಕಾರಿ ಜಾಲತಾಣ) ಹೋಗುವುದು ಅದೇ ಅಂಕ.

ಪೈಪೋಟಿ ಇಷ್ಟ, ಗಣಿತದ ಹುಚ್ಚು ಇದ್ದರೆ ಲೂಯಿ-ಲ-ಗ್ರಾಂ. ಓದು, ಬರವಣಿಗೆ ಹಿಡಿಸಿದರೆ ಆಂರಿ-ಕಾತ್ರ್. ಫ್ರೆಂಚ್ ಇನ್ನೂ ಪಳಗಿಲ್ಲ, ಮೆಟ್ರೋ ಓಡಾಟ ಜಾಸ್ತಿ ಅನ್ನಿಸಿದರೆ ಹತ್ತಿರದ್ದೇ ವಾಸಿ. ಪ್ರೆಪಾಗೆ (ಬಾಕ್ ನಂತರ ದೊಡ್ಡ ಕಾಲೇಜುಗಳ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ತರಗತಿ) ಹೋಗುವಾಗ ದೊಡ್ಡ ಲಿಸೆಗೆ ಮತ್ತೆ ಅರ್ಜಿ ಹಾಕಬಹುದು.