ಹಳೇ ಆರ್ಕಿಡ್ ಚಿತ್ರಗಳ ಸೆಟ್: ಬಣ್ಣ ಚೆನ್ನಾಗಿದೆ, ಅಂಚಿಗೆ ಕತ್ತರಿ ಬಿದ್ದಿದೆ

ಹತ್ತು ಹಾಳೆ, ಎ3 ಸೈಜು, ದಪ್ಪ ಮ್ಯಾಟ್ ಪೇಪರ್, 1,850 ರೂಪಾಯಿ. ಏಳು ಹಳೇ ಪುಸ್ತಕಗಳಲ್ಲಿ ಬಂದ ಆರ್ಕಿಡ್ ಚಿತ್ರಗಳು, ಮೂರು ಹಳೇ ಫೋಟೋಗಳು. ಆನ್‌ಲೈನಿನಲ್ಲಿ ತರಿಸಿದ್ದು. ಮಾರಿದವರ ಹೆಸರು ಹಾಕುವುದಿಲ್ಲ. ಇಂಥ ಸೆಟ್ ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ, ಕೊಳ್ಳುವ ಮೊದಲು ಏನೇನು ನೋಡಬೇಕು ಅಂತ ಗೊತ್ತಾದರೆ ಸಾಕು.

ನಾನು ಕುಂಬಳೆಯಲ್ಲಿ ಸ್ಟುಡಿಯೋ ಇಟ್ಟವನು. ಫಿಲ್ಮ್ ಕಾಲದವನು. ಈಗ ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಮದುವೆ ಆಲ್ಬಂ, ಅಷ್ಟೇ. ಗಿರಾಕಿಗಳು ಕೂರುವ ಜಾಗದಲ್ಲಿ ಒಂದು ಕಾಶ್ಮೀರದ ಸೀನರಿ ಇತ್ತು, ಬಿಸಿಲಿಗೆ ನೀಲಿ ಬಿಟ್ಟು ಬೇರೆ ಬಣ್ಣವೇ ಉಳಿದಿರಲಿಲ್ಲ. ಅದರ ಜಾಗಕ್ಕೆ ಏನಾದರೂ ಹೂವಿನದ್ದು ಹಾಕೋಣ ಅಂತ ಮಗಳು ಹೇಳಿದಳು. ಹೂವು ಅಂದರೆ ಗುಲಾಬಿ ಬೇಡ ಅಂದೆ. ಮನೆಯ ಹೆಬ್ಬಲಸಿನ ಮರದಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಸೀತಾಳೆ ಎಂಬ ಆರ್ಕಿಡ್ ಹೂವಿನ ದಂಡೆ ಇಳಿಬೀಳುವುದನ್ನು ನೋಡಿ ಬೆಳೆದವರು ನಾವು, ಹಾಗಾಗಿ ಆರ್ಕಿಡ್ ಆಯಿತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಪ್ಯಾಕಿಂಗ್ ಚೆನ್ನಾಗಿತ್ತು. ಆಟಿ ತಿಂಗಳ ಮಳೆಯಲ್ಲಿ ಕೊರಿಯರ್ ಹುಡುಗ ಟ್ಯೂಬನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದ. ಹೊರಗಿನ ರಟ್ಟು ತೊಪ್ಪೆಯಾಗಿತ್ತು, ಒಳಗೆ ಪ್ಲಾಸ್ಟಿಕ್ ಸುತ್ತಿದ್ದರಿಂದ ಹಾಳೆಗೆ ಒಂದು ಹನಿ ತಾಗಿರಲಿಲ್ಲ. ಬಣ್ಣವೂ ಸರಿ ಇದೆ. ಹಸಿರು ಹಸಿರಾಗಿಯೇ ಇದೆ, ಕಣ್ಣಿಗೆ ಹೊಡೆಯುವುದಿಲ್ಲ. ಇಂಥ ಪ್ರಿಂಟಿನಲ್ಲಿ ಎಲೆ ಹಾಳಾಗುವುದು ಜಾಸ್ತಿ. ಇಲ್ಲಿ ಆಗಿಲ್ಲ.

ಸೆಟ್ಟಿನಲ್ಲಿ ನನಗೆ ಬಹಳ ಹಿಡಿಸಿದ್ದು ಬೇಟ್‌ಮನ್ ಪುಸ್ತಕದ ಸ್ಟ್ಯಾನ್‌ಹೋಪಿಯಾ ಎಂಬ ಆರ್ಕಿಡ್. ಜೇಮ್ಸ್ ಬೇಟ್‌ಮನ್ ಅಂತ ಇಂಗ್ಲೆಂಡಿನ ಒಬ್ಬ ಶ್ರೀಮಂತ, ಆರ್ಕಿಡ್ ಹುಚ್ಚಿನವನು. ಮೆಕ್ಸಿಕೋ, ಗ್ವಾಟೆಮಾಲಾದ ಆರ್ಕಿಡ್‌ಗಳ ಮೇಲೆ 1837ರಿಂದ 1843ರ ತನಕ ಒಂದು ಪುಸ್ತಕ ಹೊರಡಿಸಿದ. ಬರೀ 125 ಪ್ರತಿ. ತೂಕ 17 ಕಿಲೋಗಿಂತ ಜಾಸ್ತಿ. ಒಬ್ಬರೇ ಎತ್ತಿ ಮೇಜಿನ ಮೇಲಿಡುವುದೇ ಕಷ್ಟ. ಆ ಪುಸ್ತಕವನ್ನು ಹಗ್ಗ ಕಟ್ಟಿ ರಾಟೆಯಲ್ಲಿ ಮೇಲೆತ್ತುವ ಹಾಗೆ ಕ್ರೂಕ್‌ಶ್ಯಾಂಕ್ ಎಂಬ ವ್ಯಂಗ್ಯಚಿತ್ರಕಾರ ಬರೆದ ಚಿತ್ರವೂ ಅದೇ ಪುಸ್ತಕದಲ್ಲಿ ಇದೆ. ತಮಾಷೆಯನ್ನು ತನ್ನ ಪುಸ್ತಕದಲ್ಲೇ ಹಾಕಿಸಿಕೊಂಡವನು ಒಳ್ಳೆಯ ಮನುಷ್ಯನೇ ಇರಬೇಕು.

ಈ ಸ್ಟ್ಯಾನ್‌ಹೋಪಿಯಾ ಹೂವು ಗಿಡದ ಬುಡದಿಂದ ಕೆಳಮುಖವಾಗಿ ಬರುತ್ತದೆ. ದಪ್ಪ, ಮೇಣದ ಹಾಗಿನ ದಳ, ಮೇಲೆಲ್ಲಾ ಕಡು ಕಂದು ಮಚ್ಚೆ. ಚಿತ್ರ ಕಲ್ಲಚ್ಚಿನದ್ದು, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಒತ್ತಿದ್ದು, ಬಣ್ಣ ಕೈಯಿಂದ ತುಂಬಿದ್ದು. ನೆಗೆಟಿವ್ ನೋಡುವ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಇಟ್ಟು ನೋಡಿದೆ. ಒಂದು ಮಚ್ಚೆಯ ಬಣ್ಣ ಗೆರೆ ದಾಟಿ ಪಕ್ಕದ ದಳಕ್ಕೆ ಸ್ವಲ್ಪ ಹರಿದಿದೆ. ಬ್ರಷ್ ಎತ್ತಿದ ಕಡೆ ಬಣ್ಣ ಗಟ್ಟಿಯಾಗಿ ನಿಂತಿದೆ. ನಮ್ಮ ಗುರುಗಳು ಕಪ್ಪು-ಬಿಳುಪು ಫೋಟೋಗೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ಬಣ್ಣ ಹಚ್ಚುತ್ತಿದ್ದದ್ದು ನೆನಪಾಯಿತು. ಕೆನ್ನೆಗೆ ಗುಲಾಬಿ, ಸೀರೆ ಅಂಚಿಗೆ ಚಿನ್ನದ ಬಣ್ಣ. ಎಷ್ಟು ಪಳಗಿದ ಕೈಯಾದರೂ ಎಲ್ಲೋ ಒಂದು ಕಡೆ ಗೆರೆ ದಾಟಿಯೇ ದಾಟುತ್ತದೆ. ಈ ಹಾಳೆಯಲ್ಲಿ ಅದನ್ನೆಲ್ಲ ಅಳಿಸದೆ ಬಿಟ್ಟಿದ್ದಾರೆ. ಅದಕ್ಕೆ ಪೂರ್ತಿ ಅಂಕ.

ಕಲ್ಲಚ್ಚು ನಮಗೆ ದೂರದ್ದಲ್ಲ. ಬೇಟ್‌ಮನ್ ಪುಸ್ತಕ ಮುಗಿದ 1843ರಲ್ಲೇ ಇಲ್ಲಿ ಪಕ್ಕದ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಶುರುವಾಯಿತು. ಕನ್ನಡದ ಆ ಮೊದಲ ಪತ್ರಿಕೆ ಅಚ್ಚಾದದ್ದೂ ಕಲ್ಲಿನ ಮೇಲೆಯೇ.

ಇನ್ನೊಂದು ಹಾಳೆ ‘ರೈಖೆನ್‌ಬಾಕಿಯಾ’ ಎಂಬ ಪುಸ್ತಕದ ಕ್ಯಾಟ್ಲಿಯಾ ಆರ್ಕಿಡ್. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನ ಆರ್ಕಿಡ್ ವ್ಯಾಪಾರಿ ಫ್ರೆಡರಿಕ್ ಸ್ಯಾಂಡರ್ 1888ರಿಂದ 1894ರ ವರೆಗೆ ತಂದದ್ದು, ಒಟ್ಟು 192 ಚಿತ್ರ. ಬರೆದವನು ಹೆನ್ರಿ ಜಾರ್ಜ್ ಮೂನ್, ಆಮೇಲೆ ಸ್ಯಾಂಡರನ ಅಳಿಯನೂ ಆದ. ಇದು ಬಣ್ಣದ ಕಲ್ಲಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಒತ್ತಬೇಕು, ಕೂದಲೆಳೆ ಆಚೀಚೆ ಆದರೂ ಕೆಟ್ಟಿತು. ಮೂನ್ ಹೂವುಗಳನ್ನು ಬರೆದದ್ದು ಅವುಗಳ ನಿಜವಾದ ಗಾತ್ರದಲ್ಲಿ. ಎ3ಗೆ ಇಳಿಸಿದಾಗ ಅಂಗೈ ತುಂಬುವ ಹೂವು ಬಾಳೆಕಾಯಿ ಚಿಪ್ಸಿನಷ್ಟಾಗಿದೆ. ಇದನ್ನು ತಪ್ಪು ಅನ್ನುವುದಿಲ್ಲ, ಸೈಜು ಮೊದಲೇ ಹೇಳಿದ್ದರು. ಆದರೆ ಇದೇ ಒಂದನ್ನು ಎ2ನಲ್ಲಿ ಕೊಟ್ಟಿದ್ದರೆ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತಿದ್ದೆ.

ಇನ್ನು ತಕರಾರು.

ಏಳು ಚಿತ್ರಗಳಿಗೂ ಅಂಚು ಕತ್ತರಿಸಿದ್ದಾರೆ. ಹಳೇ ಅಚ್ಚಿನ ಚಿತ್ರಗಳಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಎಡಕ್ಕೆ ಬರೆದವರ ಹೆಸರು, ಬಲಕ್ಕೆ ಕಲ್ಲಿಗೆ ಇಳಿಸಿದವರ ಅಥವಾ ಅಚ್ಚು ಹಾಕಿದವರ ಹೆಸರು ಇರುವುದು ವಾಡಿಕೆ. ಬೇಟ್‌ಮನ್ ಪುಸ್ತಕಕ್ಕೆ ಹೆಚ್ಚಿನ ಚಿತ್ರ ಬರೆದವರು ಇಬ್ಬರು ಹೆಂಗಸರು, ಮಿಸೆಸ್ ವಿದರ್ಸ್ ಮತ್ತು ಮಿಸ್ ಡ್ರೇಕ್. ಸಾರಾ ಡ್ರೇಕ್ ಎಷ್ಟು ಚೆನ್ನಾಗಿ ಬರೆಯುತ್ತಿದ್ದಳು ಅಂದರೆ, ಜಾನ್ ಲಿಂಡ್ಲಿ ಎಂಬ ದೊಡ್ಡ ಸಸ್ಯವಿಜ್ಞಾನಿ ಆಸ್ಟ್ರೇಲಿಯಾದ ಒಂದು ಆರ್ಕಿಡ್ ಜಾತಿಗೆ ‘ಡ್ರೇಕಿಯಾ’ ಅಂತ ಅವಳ ಹೆಸರನ್ನೇ ಇಟ್ಟ. ನನ್ನ ಹಾಳೆಯಲ್ಲಿ ಇಬ್ಬರದ್ದೂ ಹೆಸರಿಲ್ಲ. ಆ ಜಾಗಕ್ಕೆ ಮಾರುವವರ ಲೋಗೋ ಬಂದು ಕೂತಿದೆ. ಯಾರೋ ತೆಗೆದ ಮದುವೆ ಫೋಟೋದ ಮೇಲೆ ಇನ್ನೊಬ್ಬ ತನ್ನ ಸ್ಟುಡಿಯೋ ಸೀಲ್ ಒತ್ತಿದರೆ ನಮ್ಮಲ್ಲಿ ಜಗಳವೇ ಆಗುತ್ತದೆ.

ಎಲ್ಲಕ್ಕಿಂತ ಬೇಜಾರಾದದ್ದು ‘ಹೋರ್ತುಸ್ ಮಲಬಾರಿಕುಸ್’ನ ಹಾಳೆ ನೋಡಿ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಾಡಿಸಿದ ಪುಸ್ತಕ, 12 ಸಂಪುಟ, 1678ರಿಂದ 1693ರ ವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ನಮ್ಮ ಕರಾವಳಿಯ ಗಿಡಗಳೇ ಅದರಲ್ಲಿ ತುಂಬಿರುವುದು. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರು ಗಿಡಗಳ ಬಗ್ಗೆ ಹೇಳಿಕೊಟ್ಟವರು. ಚಿತ್ರಗಳ ಮೇಲೆ ರೋಮನ್ ಅಲ್ಲದೆ ಮಲಯಾಳ, ಅರಬಿ, ನಾಗರಿ ಲಿಪಿಯಲ್ಲೂ ಗಿಡದ ಹೆಸರು ಕೆತ್ತಿದ್ದಾರೆ. ಕಾಸರಗೋಡಿನಲ್ಲಿ ಬಸ್ಸಿನ ಬೋರ್ಡು ಓದಿ ಬೆಳೆದವರಿಗೆ ಒಂದೇ ಕಡೆ ನಾಕು ಲಿಪಿ ನೋಡಿದರೆ ಖುಷಿಯಾಗದೆ ಇರುತ್ತದಾ?

ಸೆಟ್ಟಿನಲ್ಲಿರುವುದು ಹನ್ನೆರಡನೇ ಸಂಪುಟದ ಮೊದಲ ಚಿತ್ರ, ‘ಆಂಜಿಲಿ ಮರವಾರ’. ಆಂಜಿಲಿ ಅಂದರೆ ಹೆಬ್ಬಲಸು, ಮರವಾರ ಅಂದರೆ ಅದರ ಮೇಲೆ ಬೆಳೆಯುವ ಮರವಾಳೆ, ಮರದ ಮೇಲಿನ ಆರ್ಕಿಡ್. ಅರ್ಥಾತ್ ನಮ್ಮ ಸೀತಾಳೆ. ಹಾಳೆ ಬಿಡಿಸಿದ ಕೂಡಲೇ ಮನೆಯವಳು ಹೇಳಿದಳು, "ಇದು ನಮ್ಮ ತೋಟದ್ದೇ ಅಲ್ವಾ? ಬಣ್ಣ ಯಾಕೆ ಹೀಗೆ?" ಅಂತ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಈ ಗಿಡಕ್ಕೆ ಲ್ಯಾಟಿನ್ ಹೆಸರು ಕೊಟ್ಟದ್ದೂ ಇದೇ ಚಿತ್ರವನ್ನು ಆಧಾರವಾಗಿಟ್ಟುಕೊಂಡು. ಅಂಥ ಚಿತ್ರ. ಮೂಲದಲ್ಲಿ ಇದು ತಾಮ್ರದ ತಗಡಿನಲ್ಲಿ ಕೆತ್ತಿದ ಕಪ್ಪು ಗೆರೆಯ ಅಚ್ಚು. ಬಣ್ಣವೇ ಇಲ್ಲ. ನಮ್ಮ ಮಾರಾಟಗಾರರು ಕಂಪ್ಯೂಟರಿನಲ್ಲಿ ಹೂವಿಗೆ ಕುಂಕುಮದ ಬಣ್ಣ ತುಂಬಿದ್ದಾರೆ! ಸೀತಾಳೆ ಹೂವು ಬಿಳಿ, ಮೇಲೆ ನೇರಳೆ ಗುಲಾಬಿಯ ಸಣ್ಣ ಸಣ್ಣ ಚುಕ್ಕಿ, ನಡುವಿನ ತುಟಿ ಮಾತ್ರ ಗಾಢ. ಒಂದು ಹೂವು ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಂಥವು ಒತ್ತೊತ್ತಾಗಿ ಸೇರಿ ಒಂದು ದಂಡೆ. ಅಸ್ಸಾಮಿನಲ್ಲಿ ಇದನ್ನೇ ಕಪೌ ಫೂಲ್ ಅಂತ ಬಿಹುವಿಗೆ ಮುಡಿಯುತ್ತಾರೆ, ಅದು ಅವರ ರಾಜ್ಯದ ಹೂವು. ಇಷ್ಟು ಫೇಮಸ್ ಹೂವಿನ ಬಣ್ಣ ನೋಡಲು ಒಂದು ನಿಮಿಷ ಮೊಬೈಲ್ ತೆಗೆದರೆ ಸಾಕಿತ್ತು. ಲಿಪಿಗಳಿದ್ದ ಭಾಗವನ್ನು ಅಳಿಸಿ, ಸುಮ್ನೆ ಹಳದಿ ಕಲೆ ಹರಡಿದ್ದಾರೆ. ಹಳೇದು ಕಾಣಬೇಕಂತೆ. ಮುನ್ನೂರು ವರ್ಷ ದಾಟಿದ ಚಿತ್ರಕ್ಕೆ ವಯಸ್ಸಾದ ವೇಷ ಹಾಕುವುದು ಯಾವ ಬುದ್ಧಿ?

ಮೂರು ಫೋಟೋಗಳ ಕಥೆಯೂ ಇದೇ. ಒಂದು, ಕಪ್ಪು-ಬಿಳುಪಿನ ವಾಂಡಾ ಆರ್ಕಿಡ್. ಹಾಳೆಯ ಹಿಂದಿನ ಚೀಟಿಯಲ್ಲಿ ‘ಬಿಳಿ ಆರ್ಕಿಡ್’ ಅಂತ ಬರೆದಿದ್ದಾರೆ. ಕೆಳಗೆ ಕತ್ತರಿ ಸರಿಯಾಗಿ ಬೀಳದೆ ಹಳೇ ಹೆಸರಿನ ಅಕ್ಷರಗಳ ತಲೆ ಉಳಿದಿದೆ, ಲೂಪ್‌ನಲ್ಲಿ ನೋಡಿದರೆ ‘ಸೆರುಲಿಯಾ’ ಅಂತ ಓದಬಹುದು. ಅದು ಖಾಸಿ ಬೆಟ್ಟದ ಕಡೆಯ ನೀಲಿ ವಾಂಡಾ. ನೀಲಿ ಹೂವು ಬಿಳಿಯಾಗಿ ಯಾಕೆ ಕಾಣುತ್ತದೆ ಅಂತ ಡಾರ್ಕ್‌ರೂಮಿನಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಬ್ರೋಮೈಡ್ ಪೇಪರ್ ತೊಳೆಯುವಾಗ ನಾವು ಕೆಂಪು ಬಲ್ಬು ಹಾಕಿಕೊಳ್ಳುತ್ತಿದ್ದೆವಲ್ಲ, ಪೇಪರಿಗೆ ಕೆಂಪು ಬೆಳಕು ಕಾಣಿಸುವುದಿಲ್ಲ ಅಂತ ತಾನೇ? ಆ ಕಾಲದ ಗಾಜಿನ ಪ್ಲೇಟುಗಳೂ ಹಾಗೆಯೇ. ನೀಲಿ ಬೆಳಕಿಗೆ ಬೇಗ ಮರುಳಾಗುತ್ತಿದ್ದವು, ಕೆಂಪನ್ನು ನೋಡುತ್ತಲೇ ಇರಲಿಲ್ಲ. ನೀಲಿ ಹೂವು ಬೆಳ್ಳಗೆ, ಕೆಂಪು ತುಟಿ ಕರ್ರಗೆ.

ಇದಕ್ಕೇ ಕ್ಯಾಮೆರಾ ಬಂದು ಎಷ್ಟೋ ವರ್ಷ ಆದರೂ ಆರ್ಕಿಡ್‌ನವರು ಚಿತ್ರಕಾರರನ್ನು ಬಿಡಲಿಲ್ಲ. ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿ ಬಹುಮಾನ ಬಂದ ಆರ್ಕಿಡ್‌ಗಳನ್ನು ಬರೆದಿಡಲು 1897ರಲ್ಲಿ ನೆಲ್ಲಿ ರಾಬರ್ಟ್ಸ್ ಎಂಬ ಹುಡುಗಿಯನ್ನು ಇಟ್ಟುಕೊಂಡರು. ಅವಳು ಆ ಕೆಲಸ ಬಿಟ್ಟದ್ದು 1953ರಲ್ಲಿ. ಅಷ್ಟೂ ವರ್ಷ ಹೂವು ನೋಡಿ ಬಣ್ಣ ಕಲಸುವುದೇ ಕೆಲಸ. ನಮ್ಮ ಕಸುಬಿನವರು ಒಪ್ಪಿಕೊಳ್ಳಬೇಕಾದ ಮಾತು ಇದು: ಬಣ್ಣದ ವಿಷಯದಲ್ಲಿ ಬಹಳ ಕಾಲ ನಾವು ಹಿಂದೆಯೇ ಇದ್ದೆವು.

ಕೊನೆಯ ಫೋಟೋ ಆಟೋಕ್ರೋಮ್. ಸೆಟ್ಟಿನಲ್ಲಿ ನಾನು ಕಾದು ಕೂತಿದ್ದದ್ದು ಇದಕ್ಕೇ. ಫ್ರಾನ್ಸಿನ ಲ್ಯುಮಿಯೇರ್ ಅಣ್ಣತಮ್ಮಂದಿರು 1907ರಲ್ಲಿ ಮಾರಾಟಕ್ಕೆ ತಂದ ಬಣ್ಣದ ಫೋಟೋ ಪ್ಲೇಟು. ಬಟಾಟೆ ಹಿಟ್ಟಿನ ಕಣಗಳಿಗೆ ಕಿತ್ತಳೆಗೆಂಪು, ಹಸಿರು, ನೀಲಿನೇರಳೆ ಬಣ್ಣ ಹಾಕಿ, ಬೆರೆಸಿ, ಗಾಜಿನ ಮೇಲೆ ಒಂದೇ ಪದರವಾಗಿ ಹರಡುತ್ತಿದ್ದರು. ಅದರ ಮೇಲೆ ಕಪ್ಪು-ಬಿಳುಪಿನ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪ. ಬೆಳಕಿಗೆ ಹಿಡಿದು ನೋಡಿದರೆ ಆ ಕಣಗಳ ಮೂಲಕವೇ ಬಣ್ಣ ಕಾಣುವುದು. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ರವೆ, ದೂರ ಹೋದರೆ ಹೂವು. ಆ ರವೆಯೇ ಇದರ ಜೀವ. ಇಲ್ಲಿ ಯಾವುದೋ ಸಾಫ್ಟ್‌ವೇರ್ ಹಾಕಿ ರವೆಯನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ್ದಾರೆ. ಈಗ ಅದು ಮದುವೆ ಹಾಲಿನ ಪ್ಲಾಸ್ಟಿಕ್ ಆರ್ಕಿಡ್. ಮೇಲಿಂದ ಚೀಟಿಯಲ್ಲಿ 1885 ಅಂತ ಇಸವಿ ಬೇರೆ. ಆಟೋಕ್ರೋಮ್ ಹುಟ್ಟುವ ಮೊದಲೇ ಆಟೋಕ್ರೋಮ್!

ಮೆಸೇಜ್ ಮಾಡಿ ಇದನ್ನೆಲ್ಲ ಕೇಳಿದೆ. "ಗ್ರಾಹಕರು ವಿಂಟೇಜ್ ಲುಕ್ ಇಷ್ಟಪಡುತ್ತಾರೆ ಸರ್" ಅಂತ ಉತ್ತರ ಬಂತು. ಕುಂಕುಮದ ಬಣ್ಣದ ಹಾಳೆಗೆ ಬದಲು ಬೇರೆ ಹಾಳೆ ಕಳಿಸುತ್ತೇವೆ ಅಂದರು, ಕಳಿಸಿದರು ಕೂಡ. ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು.

ಫ್ರೇಮ್ ಹಾಕಿಸಿದ್ದು ಕಾಸರಗೋಡು ಹಳೇ ಬಸ್ ಸ್ಟ್ಯಾಂಡ್ ಹತ್ತಿರ. ನಾಕಕ್ಕೆ ಮಾತ್ರ. ಒಂದಕ್ಕೆ 550 ರೂಪಾಯಿ. ಗಾಜು ಹಾಳೆಗೆ ನೇರ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಕೊಡಿ ಅಂದೆ. ಅವರಿಗೆ ಹೇಳಬೇಕಾದ್ದೇ ಇರಲಿಲ್ಲ. ನಮ್ಮ ಮಳೆಗಾಲದಲ್ಲಿ ಗಾಜಿಗೆ ಅಂಟಿದ ಹಾಳೆಗೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಹಿಂದೆ ಪೂರ್ತಿ ಟೇಪ್ ಹಾಕಿ, ಗೋಡೆಗೂ ಫ್ರೇಮಿಗೂ ಗಾಳಿ ಆಡಲಿ ಅಂತ ಮೂಲೆಗಳಿಗೆ ರಬ್ಬರ್ ಗುಂಡಿ ಅಂಟಿಸಿ ಕೊಟ್ಟರು. ಒಳ್ಳೆಯ ಕೆಲಸ.

ಹಾಗಾದರೆ ತರಿಸಬಹುದಾ? ಗೋಡೆ ತುಂಬಿದರೆ ಸಾಕು ಅನ್ನುವವರು ಧಾರಾಳವಾಗಿ ತರಿಸಿ, ಕಾಗದ, ಬಣ್ಣ ಎರಡಕ್ಕೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು. ಚಿತ್ರವನ್ನು ಇದ್ದ ಹಾಗೆ ನೋಡಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಒಂದು ಆನ್‌ಲೈನ್ ಗ್ರಂಥಾಲಯ ಇದೆ, ಇಂಥ ಹಳೇ ಪುಸ್ತಕಗಳ ಪುಟಗಳು ಅಂಚು ಸಮೇತ ಪುಕ್ಕಟೆ ಸಿಗುತ್ತವೆ. ದೊಡ್ಡ ಫೈಲ್ ಇಳಿಸಿಕೊಂಡು ಮಂಗಳೂರಿನಲ್ಲಿ ಒಳ್ಳೆಯ ಇಂಕ್‌ಜೆಟ್ ಇರುವ ಕಡೆ ಕೊಟ್ಟರೆ ಆಯಿತು. ಪ್ರಿಂಟ್ ಹಾಕುವವರಿಗೆ "ಆಟೋ ಕರೆಕ್ಷನ್ ಬೇಡ" ಅಂತ ಒತ್ತಿ ಹೇಳಿ. ಇಲ್ಲದಿದ್ದರೆ ಹಳೇ ಕಾಗದದ ಬಣ್ಣವನ್ನು ಬೆಳ್ಳಗೆ ಮಾಡಿಬಿಡುತ್ತಾರೆ.

ಮಾರುವವರು ಮುಂದಿನ ಸೆಟ್‌ನಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಪುಸ್ತಕಗಳ ದಕ್ಷಿಣ ಭಾರತದ ಆರ್ಕಿಡ್‌ಗಳನ್ನು ತರುತ್ತಾರಂತೆ. ಅವನ್ನು ಬರೆದವರು ಮದ್ರಾಸ್ ಪ್ರಾಂತ್ಯದ ರಂಗಯ್ಯ ಮತ್ತು ಗೋವಿಂದು. ಗೋವಿಂದುವಿನ ಕೆಲಸ ಮೆಚ್ಚಿ ವೈಟ್ 1853ರಲ್ಲಿ ಒಂದು ಆರ್ಕಿಡ್‌ಗೆ ‘ಗೋವಿಂದೂಯಿಯಾ’ ಅಂತ ಹೆಸರಿಟ್ಟಿದ್ದ. ಅವರಿಬ್ಬರ ಹೆಸರೂ ಚಿತ್ರದ ಅಡಿಯಲ್ಲೇ ಅಚ್ಚಾಗಿದೆ. ಅಂಚು ಉಳಿಸುತ್ತೀರಾ ಅಂತ ಬರೆದು ಕೇಳಿದ್ದೇನೆ, ಹೌದು ಅಂದರೆ ಮಾತ್ರ ಆರ್ಡರ್.